ಮಗಳಿಗಾಗಿ ನೆಲ ಬಿಟ್ಟ ಒಕ್ಕಲಿಗ



ಮನೆತನದ ಮೂಲಪುರುಷನನ್ನು ನಾವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ನೆನೆಯುವುದುಂಟು. ಪಿತೃಪಕ್ಷದಲ್ಲಿ ಎಡೆಯಿಡುವಾಗ ಒಮ್ಮೆ. ಆಸ್ತಿಯನ್ನು ಪಾಲು ಮಾಡುವಾಗ ಮತ್ತೊಮ್ಮೆ. ಮೊದಲನೆಯದರಲ್ಲಿ ಭಕ್ತಿಯಿರುವುದು, ಎರಡನೆಯದರಲ್ಲಿ ಲೆಕ್ಕವಿರುವುದು. ಕೆಲವು ದಿನಗಳ ಹಿಂದೆ ನಾವು ಕೆಂಪಾಪುರದಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಅಲ್ಲಿ ಈ ಎರಡನೆಯ ಕಾರ್ಯವೇ ನಡೆಯುತ್ತಿದ್ದಿತು.

ಕೆಂಪಾಪುರವು ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳದ ಮಗ್ಗುಲಲ್ಲಿರುವ ಊರು. ಹಿಂದಿನವರು ರಾಗಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಬಹು ಅಂತಸ್ತಿನ ಕಟ್ಟಡಗಳು ನಿಂತಿರುವುವು. ಎಕರೆಯ ಲೆಕ್ಕವು ಹೋಗಿ ಚದರಡಿಯ ಲೆಕ್ಕವು ಬಂದಿರುವುದು. ನಮ್ಮ ಪರಿಚಿತರು ಪಾಲುಪಟ್ಟಿಗೆ ಬೇಕಾದ ವಂಶವೃಕ್ಷವನ್ನು ಕಾಗದದ ಮೇಲೆ ಬರೆದು, ಅದನ್ನು ವೃದ್ಧೆಯಾದ ತಮ್ಮ ತಾಯಿಗೆ ಓದಿ ಹೇಳುತ್ತಿದ್ದರು. ಮುತ್ತಾತ, ತಾತ, ತಾತನ ಮೂವರು ಗಂಡುಮಕ್ಕಳು, ಅವರ ಗಂಡುಮಕ್ಕಳು, ಹೀಗೆ ಓದುತ್ತ ಹೋದರು. ಆ ತಾಯಿಯು ಎಲ್ಲವನ್ನೂ ಕೇಳಿದ ಮೇಲೆ, "ಮರವೇನೋ ಚೆನ್ನಾಗಿ ಬರೆದಿದ್ದೀಯ ಕಣಪ್ಪ. ನಿನ್ನ ಅಕ್ಕ ತಂಗೀರು ಯಾವ ಕೊಂಬೆ ಮೇಲವ್ರೆ?" ಎಂದು ಕೇಳಿದಳು.

"ಅವರು ಕೊಟ್ಟ ಮನೆಗೆ ಸೇರಿದವರಲ್ವೇನವ್ವ? ಅರಿಶಿನ ಕುಂಕುಮಕ್ಕೆ ಅಂತ ಏನಾದರೂ ಕೊಟ್ಟು ಸಹಿ ಹಾಕಿಸಿಕೊಂಡರಾಯ್ತು" ಎಂದರು ಮಗ.

"ನಮ್ಮ ಹಿರೀಕರು ಈ ಸೀಮೆಗೆ ಬಂದದ್ದೇ ಒಂದು ಹೆಣ್ಣುಮಗಳಿಗೋಸ್ಕರ. ಅದಾದರೂ ನಿನಗೆ ಗೊತ್ತೇನಪ್ಪ?" ಎಂದು ಆಕೆಯು ಹೇಳಿ ಸುಮ್ಮನಾದಳು.

ಮಗನಿಗೆ ಗೊತ್ತಿರಲಿಲ್ಲ. ಆಕೆಯ ಮಾತು ಆವತಿಯ ರಣಭೈರೇಗೌಡನ ಕಥೆಯನ್ನು ಕುರಿತದ್ದು. ಈ ತಿಂಗಳು ನಮ್ಮ ವಾಚಕರಿಗೆ ಅದನ್ನೇ ಹೇಳಬೇಕೆಂದು ಅಂದೇ ನಿಶ್ಚಯಿಸಿದೆವು.

ಸುಮಾರು 600 ವರ್ಷಗಳ ಹಿಂದಿನ ಮಾತು. ಕಾಂಚಿಯ ಸೀಮೆಯಲ್ಲಿ ರಣಭೈರೇಗೌಡನೆಂಬ ಒಕ್ಕಲಿಗನಿದ್ದನು. ಅವನು ಮೊರಸು ಒಕ್ಕಲು ಕುಲದವನು, ಭೈರವನ ಆರಾಧಕನು. ಅವನಿಗೆ ದೊಡ್ಡಮ್ಮನೆಂಬ ರೂಪವತಿಯಾದ ಮಗಳಿದ್ದಳು. ಬೇರೆ ಕುಲದವನಾದ ಒಬ್ಬ ಪ್ರಬಲ ಒಡೆಯನು ಆಕೆಯನ್ನು ತನಗೆ ಕೊಡಬೇಕೆಂದು ಕೇಳಿದನು. ಕೇಳಿದವನು ಬಲಶಾಲಿ, ಕೊಡುವುದಿಲ್ಲವೆಂದರೆ ಎಳೆದೊಯ್ಯಬಲ್ಲವನು. ತಂದೆಯು ಕೊಡಲೂ ಇಲ್ಲ, ಕಾದಾಡಲೂ ಇಲ್ಲ. ತನ್ನವರಾದ ಆರು ಮಂದಿ ಒಕ್ಕಲಿಗರೊಡನೆ ಆಲೋಚಿಸಿ, ಒಂದು ರಾತ್ರಿ ಹೆಂಡಿರು ಮಕ್ಕಳನ್ನು ಬಂಡಿಗಳಲ್ಲಿ ಕೂರಿಸಿಕೊಂಡು ಊರನ್ನೇ ಬಿಟ್ಟು ಹೊರಟನು. ಹೀಗೆಂದು ಪರಂಪರೆಯಿಂದ ಬಂದ ಐತಿಹ್ಯ.

ಇದರಲ್ಲಿ ಕುಲಾಭಿಮಾನದ ಪಾಲೂ ಇದ್ದಿತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಕುಲದ ಕಟ್ಟನ್ನು ಮೀರಿ ಮಗಳನ್ನು ಕೊಡುವುದು ಆ ಕಾಲದ ತಂದೆಯಿಂದ ಆಗುವ ಕೆಲಸವಾಗಿರಲಿಲ್ಲ. ಆದರೆ ಕುಲವನ್ನು ಉಳಿಸಿಕೊಳ್ಳುವುದಕ್ಕೆ ಅವನಿಗೆ ಬೇರೆ ದಾರಿಗಳೂ ಇದ್ದುವು. ಮಗಳನ್ನು ಒಪ್ಪಿಸಿ, 'ಆಕೆ ನಮಗೆ ಸತ್ತಳು' ಎಂದು ತಿಳಿದು, ತನ್ನ ಹೊಲ ಗದ್ದೆಗಳನ್ನು ಉಳಿಸಿಕೊಂಡ ತಂದೆಯರ ಕಥೆಗಳು ಲೋಕದಲ್ಲಿ ಕಡಿಮೆಯೇನೂ ಇಲ್ಲ. ಇವನು ಹಾಗೆ ಮಾಡಲಿಲ್ಲ. ಮಗಳನ್ನು ಉಳಿಸಿಕೊಂಡು ನೆಲವನ್ನು ಬಿಟ್ಟನು.

ಒಕ್ಕಲಿಗನು ನೆಲವನ್ನು ಬಿಡುವುದೆಂದರೇನು? ವರ್ತಕನು ಊರು ಬಿಟ್ಟರೆ ಗಂಟನ್ನು ಹೊತ್ತು ನಡೆಯಬಹುದು. ಕುಶಲಕರ್ಮಿಯ ವಿದ್ಯೆಯು ಅವನ ಕೈಯಲ್ಲಿಯೇ ಇರುವುದು. ಒಕ್ಕಲಿಗನ ಐಶ್ವರ್ಯವಾದರೋ ಬಂಡಿಗೆ ಏರುವಂಥದಲ್ಲ. ತಲೆಮಾರುಗಳಿಂದ ಗೊಬ್ಬರ ಹೊತ್ತು ಹದಗೊಳಿಸಿದ ಮಣ್ಣು, ಅಜ್ಜ ತೋಡಿಸಿದ ಬಾವಿ, ನೆಟ್ಟ ಮರ, ಹಗೇವಿನಲ್ಲಿ ತುಂಬಿಟ್ಟ ಧಾನ್ಯ, ಇವೆಲ್ಲವೂ ಹಿಂದೆಯೇ ಉಳಿಯುವುವು. ಮಳೆಯು ಯಾವ ಮೂಲೆಯಿಂದ ಏಳುವುದು, ಯಾವ ಹೊಲವು ಬೇಗ ಆರುವುದು ಎಂಬ ತಿಳಿವಳಿಕೆಯೂ ಆ ಊರಿನೊಡನೆಯೇ ಉಳಿಯುವುದು. ಇಂಥವನು ಒಯ್ಯಬಹುದಾದದ್ದು ಎತ್ತುಗಳನ್ನು, ನೇಗಿಲನ್ನು ಮತ್ತು ಒಂದು ಬಿತ್ತನೆಗೆ ಬೇಕಾದ ಬೀಜವನ್ನು ಮಾತ್ರ. ಹಸಿವೆಯಾದರೆ ಆ ಬೀಜವನ್ನೂ ತಿನ್ನುವಂತಿಲ್ಲ. ತಿಂದರೆ ಮುಂದಿನ ವರ್ಷವೇ ಇಲ್ಲ. ಏಳು ಸಂಸಾರಗಳು ಇದೆಲ್ಲವನ್ನೂ ತಿಳಿದೇ ಬಂಡಿ ಹೂಡಿದುವು. ಮಗಳು ಒಬ್ಬನಿಗೆ ಸೇರಿದವಳು, ಹೊರಟವರು ಏಳು ಮಂದಿ, ಎಂಬುದನ್ನು ವಾಚಕರು ಗಮನಿಸಬೇಕು.

ಒಡೆಯನ ಕಡೆಯವರು ಬೆನ್ನಟ್ಟಿ ಬಂದರಂತೆ. ಮುಂದೆ ನದಿಯು ತುಂಬಿ ಹರಿಯುತ್ತಿದ್ದಿತು. ಆಗ ದೊಡ್ಡಮ್ಮನು ತನ್ನ ಕಿವಿಯ ಓಲೆಯನ್ನು ಬಿಚ್ಚಿ ಗಂಗೆಗೆ ಅರ್ಪಿಸಿ ಬೇಡಿಕೊಂಡಳು. ನೀರು ಇಬ್ಭಾಗವಾಗಿ ದಾರಿ ಬಿಟ್ಟಿತು. ಬಂಡಿಗಳು ದಾಟಿದ ಮೇಲೆ ಪ್ರವಾಹವು ಮತ್ತೆ ಕೂಡಿಕೊಂಡು ಬೆನ್ನಟ್ಟಿದವರನ್ನು ತಡೆಯಿತು ಎಂದು ಕಥೆ ಹೇಳುವುದು. ಪವಾಡವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ನಮಗೆ ಮನಸ್ಸಿಗೆ ಹಿಡಿದ ಅಂಶವು ಬೇರೆ. ಯಾರನ್ನು ಕಾಪಾಡಲು ಎಲ್ಲರೂ ಹೊರಟರೋ, ಕೊನೆಯಲ್ಲಿ ಎಲ್ಲರನ್ನೂ ಕಾಪಾಡಿದವಳು ಆಕೆಯೇ. ಹೆಣ್ಣುಮಗಳು ಮನೆಗೆ ಭಾರವೆಂದು ಹೇಳುವವರು ಈ ಹೊಳೆಯ ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅಲೆಯುತ್ತ ಬಂದ ಈ ಒಕ್ಕಲುಗಳು ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಇಳಿದರು. ಕಾಂಚಿಯ ಬಳಿ ಹರಿಯುವ ಪಾಲಾರ್ ನದಿಯು ಹುಟ್ಟುವುದು ಈ ನಂದಿಯ ಸೀಮೆಯಲ್ಲಿಯೇ. ನೀರಿನ ಜಾಡನ್ನು ಹಿಡಿದು ಮೇಲಕ್ಕೆ ಬಂದರೋ ಏನೋ ಎಂದು ನಮಗೆ ತೋರುವುದು. ಇಲ್ಲಿಯೇ ನೆಲಸಬೇಕೆಂದು ರಣಭೈರೇಗೌಡನಿಗೆ ಕನಸಿನಲ್ಲಿ ದೈವದ ಅಪ್ಪಣೆಯಾಯಿತಂತೆ. ಅಲ್ಲಿ ಗುಡಿಸಲುಗಳನ್ನು ಹಾಕಿ ಅವರು ಕಟ್ಟಿಕೊಂಡ ಹಳ್ಳಿಯೇ ಆವತಿ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಆ ಊರು ಇಂದಿಗೂ ಇರುವುದು.

ಈ ಸೀಮೆಯಲ್ಲಿ ಬೇಸಾಯ ಮಾಡುವುದು ಸುಲಭವಲ್ಲ. ಇಲ್ಲಿ ವರ್ಷವೆಲ್ಲ ತುಂಬಿ ಹರಿಯುವ ನದಿಯಿಲ್ಲ. ಇರುವುದು ಕೆಂಪು ಮಣ್ಣು, ಕಲ್ಲು ಮೊರಡಿ ಮತ್ತು ಹೇಳದೆ ಕೇಳದೆ ಬಂದು ಹೋಗುವ ಮಳೆ. ಇಂಥ ನೆಲದಲ್ಲಿ ಬಾಳಬೇಕಾದರೆ ಎರಡು ವಿದ್ಯೆಗಳು ಬೇಕು. ಒಂದು ರಾಗಿಯ ಬೇಸಾಯ. ಮುಂಗಾರಿನಲ್ಲಿ ನೆಲವನ್ನು ಉತ್ತು ಹದಮಾಡಿ, ಕೂರಿಗೆಯಿಂದ ರಾಗಿಯನ್ನು ಬಿತ್ತಿ, ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಹಾಕುವರು. ಮಳೆ ಕೈಕೊಟ್ಟು ಒಂದು ಹೋದರೂ ಮತ್ತೊಂದು ಮನೆಗೆ ಬರುವುದು. ಚೆನ್ನಾಗಿ ಒಣಗಿಸಿದ ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುವುದರಿಂದ ಬರಗಾಲಕ್ಕೆ ಅದೇ ಬಂಡವಾಳ.

ಇನ್ನೊಂದು ಕೆರೆಯ ವಿದ್ಯೆ. ಇಳಿಜಾರಿಗೆ ಅಡ್ಡವಾಗಿ ಏರಿಯನ್ನು ಕಟ್ಟಿ ಮಳೆಯ ನೀರನ್ನು ತಡೆದು, ತೂಬಿನ ಮೂಲಕ ಅಚ್ಚುಕಟ್ಟಿನ ಗದ್ದೆಗಳಿಗೆ ಬಿಡುವರು. ಒಂದು ಕೆರೆಯು ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಹರಿಯುವುದು. ನೀರನ್ನು ಸರದಿಯಂತೆ ಹಂಚಲು ನೀರಗಂಟಿ; ಕೆರೆಯನ್ನು ಕಟ್ಟಿಸಿದವನಿಗೂ ನೋಡಿಕೊಳ್ಳುವವನಿಗೂ ಕೊಡಗಿಯ ಮಾನ್ಯ. ಯಲಹಂಕ, ಜಕ್ಕೂರು, ರಾಚೇನಹಳ್ಳಿಗಳ ಕೆರೆಗಳೂ, ಹೆಬ್ಬಾಳ, ನಾಗವಾರಗಳ ಕೆರೆಗಳೂ ಇಂಥ ಸರಪಳಿಗಳ ಕೊಂಡಿಗಳೇ. ಇದು ಒಬ್ಬನಿಂದ ಆಗುವ ಕಾರ್ಯವಲ್ಲ. ಮೇಲಿನ ಊರೂ ಕೆಳಗಿನ ಊರೂ ಪರಸ್ಪರ ನಂಬಿದರೆ ಮಾತ್ರ ನಡೆಯುವುದು.

ಹಾಗೆಂದು ಈ ನಾಡನ್ನು ಮೊಟ್ಟಮೊದಲು ಉತ್ತವರು ಆವತಿಯವರೇ ಎಂದು ಹೇಳಿದರೆ ಅಪಚಾರವಾದೀತು. ಹೆಬ್ಬಾಳದಲ್ಲಿ 2018ರಲ್ಲಿ ದೊರೆತ ಸುಮಾರು ಕ್ರಿ.ಶ. 750ರ ವೀರಗಲ್ಲು, ಗಂಗರ ಶ್ರೀಪುರುಷನ ಕಾಲದಲ್ಲಿ ಊರಿಗಾಗಿ ಕಾದಾಡಿ ಮಡಿದ ಕಿತ್ತಯ್ಯನೆಂಬ ವೀರನನ್ನು ಹೆಸರಿಸುವುದು. ಅಂದರೆ ರಣಭೈರೇಗೌಡನ ಬಂಡಿಯು ಬರುವುದಕ್ಕೆ ಆರು ನೂರು ವರ್ಷಗಳಿಗೂ ಹಿಂದೆಯೇ ಇಲ್ಲಿ ಊರಿದ್ದಿತು, ಊರಿಗಾಗಿ ಪ್ರಾಣ ಕೊಡುವವರಿದ್ದರು. ಬೇಗೂರಿನ ಕಲ್ಲಿನಲ್ಲಿ ಕ್ರಿ.ಶ. 900ರ ಸುಮಾರಿಗೇ ಬೆಂಗಳೂರೆಂಬ ಹೆಸರು ಕಾಣುವುದು. ಪ್ರತಿಯೊಂದು ಮನೆತನಕ್ಕೂ ಮೂಲಪುರುಷನೊಬ್ಬನಿರುವನು. ನೆಲಕ್ಕೆ ಮಾತ್ರ ಅವನಿಗಿಂತ ಹಿಂದಿನವರು ಇದ್ದೇ ಇರುವರು. ಇದನ್ನು ನೆನಪಿನಲ್ಲಿಟ್ಟುಕೊಂಡು ಹಿರಿಯರನ್ನು ಹೊಗಳಿದರೆ ಹೊಗಳಿಕೆಗೆ ತೂಕವಿರುವುದು.

ಈ ಒಕ್ಕಲು ಮನೆತನಗಳಲ್ಲಿ ಹೆಂಗಸರ ಪಾಲೇನೆಂಬುದನ್ನು ತಿಳಿಸುವ ಮತ್ತೊಂದು ಕಥೆಯಿರುವುದು. ತಲೆಯ ಮೇಲೆ ಕೈಯಿಟ್ಟವರನ್ನು ಭಸ್ಮ ಮಾಡುವ ವರವನ್ನು ಪಡೆದ ಅಸುರನು ಶಿವನ ಮೇಲೆಯೇ ಅದನ್ನು ಪರೀಕ್ಷಿಸಲು ಅಟ್ಟಿಸಿಕೊಂಡು ಬಂದನು. ಶಿವನು ಒಂದೆಡೆ ಅಡಗಿಕೊಂಡನು. ಅಲ್ಲಿದ್ದ ಒಕ್ಕಲಿಗನನ್ನು ಅಸುರನು ಗದರಿಸಿ ಕೇಳಿದಾಗ, ಅವನು ಬಾಯಲ್ಲಿ 'ಕಾಣೆ' ಎಂದು, ಕಿರುಬೆರಳಿನಿಂದ ಅಡಗುದಾಣವನ್ನು ತೋರಿಸಿದನು. ವಿಷ್ಣುವು ಮೋಹಿನಿಯಾಗಿ ಬಂದು ಅಸುರನನ್ನು ಕೊನೆಗಾಣಿಸಿದ ಮೇಲೆ ಶಿವನು ಹೊರಬಂದು, ತಪ್ಪು ಮಾಡಿದ ಬೆರಳನ್ನು ಕತ್ತರಿಸಬೇಕೆಂದನು. ಅಷ್ಟರಲ್ಲಿ ಗಂಡನಿಗೆ ಬುತ್ತಿ ತಂದ ಹೆಂಡತಿಯು ಕಾಲಿಗೆ ಬಿದ್ದು, 'ಇವನ ಬೆರಳು ಹೋದರೆ ಆರಂಭ ಕೆಡುವುದು, ಮಕ್ಕಳು ಉಪವಾಸ ಬೀಳುವುವು. ಇವನ ಒಂದು ಬೆರಳಿಗೆ ಬದಲಾಗಿ ನನ್ನ ಎರಡನ್ನು ತೆಗೆದುಕೊ' ಎಂದಳು.

ಇದು ಬರಿಯ ಕಥೆಯಾಗಿ ನಿಲ್ಲಲಿಲ್ಲ. ಹಿರಿಯ ಮಗಳಿಗೆ ಕಿವಿ ಚುಚ್ಚಿಸುವುದಕ್ಕೆ ಮುಂಚೆ ತಾಯಿಯು ಬಲಗೈಯ ಉಂಗುರದ ಬೆರಳು ಕಿರುಬೆರಳುಗಳ ತುದಿಗೆಣ್ಣುಗಳನ್ನು ಕತ್ತರಿಸಿಕೊಳ್ಳುವ ಪದ್ಧತಿಯು ಮೊರಸು ಒಕ್ಕಲಿನ ಒಂದು ಪಂಗಡದಲ್ಲಿ ನಿಜವಾಗಿಯೂ ಇದ್ದಿತು. ಮೈಸೂರಿನ ಇತಿಹಾಸವನ್ನು ಬರೆದ ಕರ್ನಲ್ ವಿಲ್ಕ್ಸರು ದೇವನಹಳ್ಳಿಯ ಸುತ್ತಿನಲ್ಲಿ ಇದು ನಡೆಯುತ್ತಿದ್ದುದನ್ನು 19ನೆಯ ಶತಮಾನದ ಆರಂಭದಲ್ಲಿ ದಾಖಲಿಸಿರುವರು. ತರುವಾಯ ಸರ್ಕಾರವು ಇದನ್ನು ನಿಷೇಧಿಸಿತು. ಕತ್ತರಿಸುವುದಕ್ಕೆ ಬದಲಾಗಿ ಬೆರಳುಗಳಿಗೆ ಕಟ್ಟು ಕಟ್ಟಿ ಶಾಸ್ತ್ರವನ್ನು ಮುಗಿಸುವ ರೂಢಿ ಬಂದಿತು. ಈ ಕ್ರೂರ ಪದ್ಧತಿಯು ನಿಂತುದು ಸಂತೋಷದ ಸಂಗತಿ. ಆದರೆ ಕಥೆಯ ಒಳಗಿನ ಸತ್ಯವನ್ನು ಕಡೆಗಣಿಸಲಾಗದು. ತಪ್ಪು ಮಾಡಿದವನು ಗಂಡ, ತೆತ್ತವಳು ಹೆಂಡತಿ, ಉಳಿದುದು ಹೊಲ. ಆ ಹೊಲದಲ್ಲಿ ಆಕೆಗೆ ಪಾಲಿಲ್ಲವೆಂದು ಯಾವ ಬಾಯಿಂದ ಹೇಳುವುದು?

ಆವತಿಯ ಮನೆತನವು ಬಹುಬೇಗ ಕವಲೊಡೆಯಿತು. ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳೂ ಈ ಕವಲಿನಿಂದಲೇ ಬೆಳೆದುವು. ತಿಮ್ಮೇಗೌಡನು ಸುಗಟೂರಿಗೆ ಹೋದನು, ಸಣ್ಣಭೈರೇಗೌಡನು ಹೊಳವನಹಳ್ಳಿಯ ಕಡೆಗೆ. ಜಯಗೌಡನು ದಕ್ಷಿಣಕ್ಕೆ ಇಳಿದು, ವಿಜಯನಗರದ ಅರಸರಿಗೆ ಅಧೀನನಾಗಿ, ಯಲಹಂಕ ನಾಡಿನ ಪ್ರಭುವಾದನು. ಅವನ ವಂಶದಲ್ಲಿ ಗಿಡ್ಡೇಗೌಡ, ಕೆಂಪನಂಜೇಗೌಡರ ತರುವಾಯ, 1513ರಿಂದ 1569ರ ವರೆಗೆ ಆಳಿದವನೇ ಪ್ರಸಿದ್ಧನಾದ ಕೆಂಪೇಗೌಡನು. ಕೆಂಪ, ಕೆಂಪಯ್ಯ, ಕೆಂಪಮ್ಮ ಎಂಬ ಹೆಸರುಗಳು ಈ ಸೀಮೆಯ ಒಕ್ಕಲು ಮನೆಗಳಲ್ಲಿ ಮೊನ್ನೆ ಮೊನ್ನೆಯ ವರೆಗೂ ತೊಟ್ಟಿಲಿಗೆ ತಪ್ಪದ ಹೆಸರುಗಳಾಗಿದ್ದುವು.

ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಹೇಗೆ ಆರಂಭಿಸಿದನೆಂಬುದು ನಮ್ಮ ಮಕ್ಕಳಿಗೆಲ್ಲ ತಿಳಿದಿರುವುದು. ಈಗಿನ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವೆಡೆಯಲ್ಲಿ ನಾಲ್ಕು ನೇಗಿಲುಗಳಿಗೆ ಬಿಳಿಯ ಎತ್ತುಗಳನ್ನು ಹೂಡಿಸಿ, ನಾಲ್ಕು ದಿಕ್ಕಿಗೂ ಉಳಿಸಿ, ಆ ಗೆರೆಗಳ ಮೇಲೆಯೇ ಬೀದಿಗಳನ್ನು ಮಾಡಿಸಿದನಂತೆ. ಪ್ರಭುವಾದರೂ ಮನೆತನದ ಕಸುಬನ್ನು ಅವನು ಮರೆಯಲಿಲ್ಲ. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನು ಕಟ್ಟಿಸಿದವನೆಂದು ಅವನಿಗೆ ಕೀರ್ತಿ. ಮೊದಲನೆಯದರ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುವುವು, ಎರಡನೆಯದರಲ್ಲಿ ಆಟದ ಮೈದಾನವಿರುವುದು. ಮೂರನೆಯದು ಇನ್ನೂ ಉಳಿದಿರುವುದು.

ಈ ಕೋಟೆಯ ಕಥೆಯಲ್ಲಿಯೂ ಒಬ್ಬ ಹೆಣ್ಣುಮಗಳಿರುವಳು. ದಕ್ಷಿಣದ ಹೆಬ್ಬಾಗಿಲು ನಿಲ್ಲದೆ ಮತ್ತೆ ಮತ್ತೆ ಬೀಳುತ್ತಿದ್ದಿತೆಂದೂ, ಗರ್ಭಿಣಿಯ ಬಲಿ ಬೇಕೆಂದು ಹೇಳಿದರೆಂದೂ, ಮಾವನ ಸಂಕಟವನ್ನು ಕಂಡ ಸೊಸೆ ಲಕ್ಷ್ಮಮ್ಮನು ಯಾರಿಗೂ ಹೇಳದೆ ರಾತ್ರಿಯಲ್ಲಿ ಹೋಗಿ ಪ್ರಾಣವನ್ನು ಕೊಟ್ಟಳೆಂದೂ ಐತಿಹ್ಯ. ಆಕೆಯ ಹೆಸರಿನ ಸ್ಮಾರಕವು ಕೋರಮಂಗಲದಲ್ಲಿರುವುದು. ಇದನ್ನು ಓದುವಾಗಲೆಲ್ಲ ನಮಗೆ ದೊಡ್ಡಮ್ಮನ ನೆನಪಾಗುವುದು. ಒಬ್ಬ ಮಗಳನ್ನು ಉಳಿಸಲು ನೆಲವನ್ನೇ ತೊರೆದ ಮನೆತನವು, ನೆಲವೂ ಕೋಟೆಯೂ ಬಂದ ಮೇಲೆ, ಸೊಸೆಯನ್ನು ಬಾಗಿಲಿಗೆ ತೆತ್ತಿತು. ಆಸ್ತಿಯು ಬೆಳೆದಂತೆ ಮನೆಯಲ್ಲಿ ಯಾರ ಬೆಲೆ ಕಡಿಮೆಯಾಗುತ್ತ ಹೋಗುವುದೆಂಬುದನ್ನು ಇದಕ್ಕಿಂತ ಕಠಿನವಾಗಿ ಹೇಳುವ ಕಥೆಯನ್ನು ನಾವು ಕಾಣೆವು.

ಕೋಟೆಯಾದರೂ ಉಳಿಯಿತೇ? 1638ರಲ್ಲಿ ಬಿಜಾಪುರದ ಸೇನೆಯು ಬೆಂಗಳೂರನ್ನು ಹಿಡಿಯಿತು. ಮನೆತನವು ಮಾಗಡಿಗೆ ಸರಿಯಿತು. 1728ರಲ್ಲಿ ಮಾಗಡಿ ಸಾವನದುರ್ಗಗಳೂ ಮೈಸೂರಿನ ವಶವಾದುವು. ರಾಜ್ಯವು ಹೋಯಿತು, ಒಕ್ಕಲುತನ ಮಾತ್ರ ಮತ್ತೆ ಮುನ್ನೂರು ವರ್ಷ ಉಳಿಯಿತು. ನಮ್ಮ ಕಾಲದಲ್ಲಿ ಅದೂ ಈ ಸೀಮೆಯಿಂದ ಕಾಲ್ತೆಗೆಯುತ್ತಿರುವುದು.

ಇಂದು ಕೆಂಪಾಪುರದಿಂದ ಹೊರಟು ಉತ್ತರಾಭಿಮುಖವಾಗಿ ಹೋದರೆ ಯಲಹಂಕವೂ ದೇವನಹಳ್ಳಿಯೂ ದಾಟಿದ ಮೇಲೆ ಆವತಿಯು ಸಿಕ್ಕುವುದು. ಜಯಗೌಡನ ಕಡೆಯವರು ದಕ್ಷಿಣಕ್ಕೆ ಇಳಿದುಬಂದ ಸೀಮೆಯಲ್ಲಿಯೇ ನಾವು ಹಿಂದಕ್ಕೆ ಏರಿದಂತಾಗುವುದು. ನಡುವೆ 2008ರಲ್ಲಿ ತೆರೆದ ವಿಮಾನ ನಿಲ್ದಾಣವಿರುವುದು. ಅದಕ್ಕೆ 2013ರಲ್ಲಿ ಕೆಂಪೇಗೌಡನ ಹೆಸರನ್ನಿಟ್ಟರು. 2022ರ ನವೆಂಬರ್ 11ರಂದು ಅಲ್ಲಿ ಅವನ 108 ಅಡಿ ಎತ್ತರದ ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಿದರು. ಮಹಾಪುರುಷನಿಗೆ ಸಲ್ಲತಕ್ಕ ಗೌರವವೇ ಅದು. ಆದರೆ ಆ ಪ್ರತಿಮೆಯ ಮುಂದೆ ನಿಂತ ಮಕ್ಕಳಿಗೆ, ಇವನ ಹಿರಿಯರು ಬಂಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಬಂದವರೆಂದು ಹೇಳುವ ಕೆಲಸವು ತಾಯಿತಂದೆಗಳದು.

ಇನ್ನು ಕೆಂಪಾಪುರದ ಆ ಕಾಗದಕ್ಕೆ ಬರೋಣ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ಧರ್ಮಕ್ಕೆ ಒಪ್ಪದೆಂದು ನಾವು ಹೇಳಿದರೆ ಕೆಲವರು ನಗಬಹುದು. ಕಾನೂನಿಗೂ ಒಪ್ಪದೆಂದು ಹೇಳಿದರೆ ನಗಲಾರರು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಒಂದು ಕಾಯಿದೆಯನ್ನು ಮಾಡಿದ್ದಿತು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಅಷ್ಟರೊಳಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಮದುವೆಯಾದವರು ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರತಕ್ಕದ್ದು, ತಂದೆಯು 2005ರಲ್ಲಿ ಬದುಕಿದ್ದಿರಬೇಕೆಂಬ ನಿಯಮವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ನೋಂದಣಿಯಾಗಿ ಮುಗಿದ ಪಾಲುಗಳನ್ನು ಇದು ಮುಟ್ಟುವುದಿಲ್ಲ.

ಅಕ್ಕತಂಗಿಯರು ತಮ್ಮ ಪಾಲನ್ನು ಮನಸಾರೆ ಬಿಟ್ಟುಕೊಡುವುದಾದರೆ ಅದು ಅವರ ಔದಾರ್ಯ. ಹಕ್ಕಿದೆಯೆಂದು ತಿಳಿಸದೆ, ಹಬ್ಬಕ್ಕೆಂದು ಕರೆದು, ಸೀರೆ ಕೊಟ್ಟು, ಓದಲು ಬಿಡದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದಾದರೆ ಅದನ್ನು ಔದಾರ್ಯವೆಂದು ಕರೆಯಲಾಗದು. ತವರಿನ ಬಾಗಿಲು ತೆರೆದಿರಲೆಂಬ ಒಂದೇ ಆಸೆಯಿಂದ ಎಷ್ಟು ಮಂದಿ ಹೆಣ್ಣುಮಕ್ಕಳು ಮಾತಿಲ್ಲದೆ ಸಹಿ ಹಾಕಿರುವರೆಂಬುದನ್ನು ನಮ್ಮ ಸೋದರಿಯರೇ ಬಲ್ಲರು. ಮಗಳಿಗಾಗಿ ನೆಲವನ್ನು ಬಿಟ್ಟವನ ಸಂತತಿಯವರು ನೆಲಕ್ಕಾಗಿ ಮಗಳನ್ನು ಬಿಡುವುದೇ?

ಆದಕಾರಣ ನಮ್ಮ ವಾಚಕರಲ್ಲಿ ಒಂದು ಬಿನ್ನಹ. ಈ ತಿಂಗಳು ಬಿಡುವಾದ ಒಂದು ಸಂಜೆ ಮನೆಯ ಹಿರಿಯರನ್ನು ಕೂರಿಸಿಕೊಂಡು ನಿಮ್ಮ ವಂಶಾವಳಿಯನ್ನು ಬರೆಯಿರಿ. ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರನ್ನೂ, ಮನೆಗೆ ಬಂದ ಸೊಸೆಯರ ಹೆಸರನ್ನೂ ತವರೂರನ್ನೂ ಬಿಡದೆ ಬರೆಯಿರಿ. ಉತ್ತ ಹೊಲಗಳಿಗೆ ಹೆಸರುಗಳಿದ್ದರೆ, ನೀರು ಹರಿಸಿದ ಕೆರೆಯ ಹೆಸರು ತಿಳಿದಿದ್ದರೆ ಅದನ್ನೂ ಬರೆದಿಡಿ. ಹೊಲವು ಹೋದ ಮೇಲೆ ಹೆಸರಾದರೂ ಉಳಿಯಲಿ. ಹೇಳಬಲ್ಲವರು ಇನ್ನು ಬಹುಕಾಲ ನಮ್ಮೊಡನೆ ಇರುವವರಲ್ಲ.

ಕೆಂಪಾಪುರದ ಮನೆಯಲ್ಲಿ ಅಂದು ಏನಾಯಿತೆಂದು ಕೇಳುವಿರಾದರೆ, ನಾವು ಹೊರಡುವ ವೇಳೆಗೆ ಮಗನು ಆ ಕಾಗದವನ್ನು ಮಡಿಸಿಟ್ಟು, ಹೊಸದೊಂದು ಹಾಳೆಯನ್ನು ತೆಗೆದುಕೊಂಡು ತಾಯಿಯ ಪಕ್ಕದಲ್ಲಿ ಕುಳಿತಿದ್ದರು. ಆಕೆಯು ತನ್ನ ಅತ್ತೆಯ ಹೆಸರಿನಿಂದ ಹೇಳಲು ತೊಡಗಿದ್ದಳು. ಪಾಲು ಹೇಗಾಯಿತೋ ನಮಗೆ ತಿಳಿಯದು. ಮರವನ್ನಂತೂ ಈ ಸಲ ಬೇರಿನಿಂದ ಬರೆಯುತ್ತಿದ್ದರು.